ಕೆಲಸದಲ್ಲಿ ಪೆಟ್ಟಾದ ಮೇಲೆ ಓದೋದಾ, ಹಣ ತಗೊಳ್ಳೋದಾ? ವಾಷಿಂಗ್ಟನ್ ರಾಜ್ಯದ ಆಪ್ಷನ್ 1 ಮತ್ತು ಆಪ್ಷನ್ 2

ವಾಷಿಂಗ್ಟನ್ ರಾಜ್ಯದಲ್ಲಿ ಕೆಲಸ ಮಾಡುವಾಗ ಪೆಟ್ಟಾಗಿ, ಹಳೇ ಕೆಲಸಕ್ಕೆ ಮರಳಲು ಆಗದವರ ಮನೆಗೆ ಒಂದು ಪತ್ರ ಬರುತ್ತದೆ. ಕಳಿಸುವವರು ಲೇಬರ್ ಅಂಡ್ ಇಂಡಸ್ಟ್ರೀಸ್ ಇಲಾಖೆ. ಅಲ್ಲಿನ ಜನ ಅದನ್ನು ಎಲ್ ಅಂಡ್ ಐ ಅಂತಾರೆ. ನಿಮ್ಮ ಮರುತರಬೇತಿಯ ಪ್ಲಾನ್‌ಗೆ ಒಪ್ಪಿಗೆ ಸಿಕ್ಕಿದೆ, ಎರಡು ದಾರಿಯಲ್ಲಿ ಒಂದನ್ನು ಆರಿಸಿ ತಿಳಿಸಿ ಎಂದು ಅದರಲ್ಲಿರುತ್ತದೆ. ಆರಿಸಲು ಸಿಗುವುದು 15 ದಿನ.

ಆಪ್ಷನ್ 1 ಅಂದರೆ ಪ್ಲಾನಿನಲ್ಲಿ ಬರೆದ ಕೋರ್ಸಿಗೆ ಸೇರಿ ಓದುವುದು. ಓದು ಮುಗಿಯುವವರೆಗೆ ಸಂಬಳದ ಬದಲಿನ ಹಣ ಬರುತ್ತಲೇ ಇರುತ್ತದೆ. ಆಪ್ಷನ್ 2 ಅಂದರೆ ಆ ಪ್ಲಾನನ್ನು ಬಿಟ್ಟು, ಒಂಬತ್ತು ತಿಂಗಳ ಬದಲಿ ಸಂಬಳವನ್ನು ಪಡೆದು, ಕ್ಲೇಮ್ ಮುಗಿಸಿಕೊಂಡು ನಮ್ಮ ದಾರಿ ನಾವು ನೋಡಿಕೊಳ್ಳುವುದು. ಕೇಳಲು ಸುಲಭ. ಆದರೆ ಆಪ್ಷನ್ 2ರ ಹಿಂದೆ ಮುಚ್ಚುವ ಬಾಗಿಲುಗಳು ಆ ಪತ್ರ ಓದಿದ ಕೂಡಲೇ ಕಣ್ಣಿಗೆ ಬೀಳುವುದಿಲ್ಲ. ಈ ಬರಹ ಇರುವುದು ಅದಕ್ಕೇ.

ನಾನು ಹೇಳುತ್ತಿರುವುದು ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ವಿಷಯ, ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯದಲ್ಲ. ರೆಡ್ಮಂಡ್, ಬಾತೆಲ್, ಸಮಾಮಿಶ್ ಕಡೆಯ ಕನ್ನಡದ ಮನೆಗಳಲ್ಲಿ ಈ ಮಾತು ಬರುವುದೇ ಕಡಿಮೆ. ಕಾರ್ಮಿಕ ಪರಿಹಾರ ಅಂದರೆ ಕಟ್ಟಡ ಕೆಲಸದವರಿಗೆ, ಲಾರಿಯವರಿಗೆ ಅನ್ನುವ ಭಾವನೆ ಇದೆ. ನಮ್ಮವರೆಲ್ಲ ಐಟಿಯಲ್ಲೇ ಇದ್ದಾರಾ? ಡೇಕೇರಿನಲ್ಲಿ ದಿನವಿಡೀ ಮಕ್ಕಳನ್ನು ಎತ್ತಿ ಇಳಿಸುವವರಿದ್ದಾರೆ, ಅಂಗಡಿಯಲ್ಲಿ ಪೆಟ್ಟಿಗೆ ಜೋಡಿಸುವವರಿದ್ದಾರೆ, ವಯಸ್ಸಾದವರ ಆರೈಕೆಗೆ ಹೋಗುವವರಿದ್ದಾರೆ. ಸೊಂಟ, ಭುಜ, ಮಣಿಕಟ್ಟು ಹೋಗುವುದು ಇಂಥ ಕೆಲಸಗಳಲ್ಲೇ. ವರ್ಷಗಟ್ಟಲೆ ಕೀಬೋರ್ಡ್ ಕುಟ್ಟಿ ಕೈ ಜೋಮು ಹಿಡಿದರೆ ಅದೂ ಕೆಲಸದಿಂದ ಬಂದ ಕಾಯಿಲೆ ಎಂದು ಕ್ಲೇಮ್ ಆಗಬಹುದು.

ಈ ಪತ್ರ ಎಲ್ಲರಿಗೂ ಬರುವುದಿಲ್ಲ

ಪೆಟ್ಟಾದವರಿಗೆಲ್ಲ ಮರುತರಬೇತಿ ಸಿಗುತ್ತದೆ ಅಂದುಕೊಂಡರೆ ತಪ್ಪು. ಇಲಾಖೆ ಮೊದಲು ನೋಡುವುದು ಹಳೇ ಮಾಲೀಕರ ಬಳಿಯೇ ಹಳೇ ಕೆಲಸಕ್ಕೆ ಹೋಗಬಹುದಾ ಎಂದು. ಆಗದಿದ್ದರೆ ಆ ಕೆಲಸವನ್ನೇ ಸ್ವಲ್ಪ ಬದಲಾಯಿಸಿ ಕೊಡಬಹುದಾ, ಅಲ್ಲೇ ಬೇರೆ ಕೆಲಸ ಇದೆಯಾ, ಹೊಸ ಮಾಲೀಕರ ಬಳಿ ಆಗುತ್ತದಾ ಎಂದು ಒಂದೊಂದಾಗಿ ನೋಡುತ್ತಾರೆ. ಈ ಸಾಲಿನ ಕೊನೆಯಲ್ಲಿ ಬರುವುದು ಮರುತರಬೇತಿ. ಕಾನೂನಿನಲ್ಲೇ ಕ್ರಮ ಹೀಗಿದೆ.

ಇಲ್ಲಿ ಇನ್ನೊಂದು ಮಾತು ಗೊತ್ತಿರಲಿ. ಈಗಿರುವ ಕೌಶಲದಿಂದಲೇ ಯಾವುದಾದರೂ ಕೆಲಸ ಮಾಡಬಹುದು ಎಂದು ತೀರ್ಮಾನವಾದರೆ ಮರುತರಬೇತಿ ಇಲ್ಲ. ಆ ಕೆಲಸದ ಸಂಬಳ ಹಿಂದಿನಷ್ಟೇ ಇರಬೇಕು ಅಂತೇನೂ ಇಲ್ಲ, ಕನಿಷ್ಠ ವೇತನ ಮುಟ್ಟಿದರೆ ಸಾಕು. ಊರಲ್ಲಿ ಎಂಜಿನಿಯರಿಂಗ್ ಮಾಡಿ, ಇಲ್ಲಿಗೆ ಬಂದು ಗೋದಾಮಿನಲ್ಲಿ ಕೆಲಸ ಮಾಡುವವರಿಗೆ ಇದು ತಟ್ಟುತ್ತದೆ. ನಿಮ್ಮ ಹಳೇ ಡಿಗ್ರಿ, ಇಂಗ್ಲಿಷ್ ಬರುವುದು, ಕಂಪ್ಯೂಟರ್ ಬಲ್ಲದ್ದು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಕೂತು ಮಾಡುವ ಕೆಲಸ ಮಾಡಬಲ್ಲರು ಎಂದು ಬರೆದುಬಿಡಬಹುದು. ಐಟಿಯವರಿಗಂತೂ ಈ ಎರಡು ಆಪ್ಷನ್‌ಗಳ ಪತ್ರ ಬರುವುದೇ ಅಪರೂಪ ಅನ್ನುವುದು ನನ್ನ ಅಂದಾಜು. ತೀರ್ಮಾನ ಸರಿಯಿಲ್ಲ ಅನ್ನಿಸಿದರೆ, ಅದು ಕೈಗೆ ಸಿಕ್ಕ 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಸಲ್ಲಿಸಬೇಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ ಎಂದೇ ತಿಳಿದುಕೊಳ್ಳಿ.

ಮರುತರಬೇತಿಗೆ ಅರ್ಹರು ಎಂದಾದರೆ ಒಬ್ಬ ವೊಕೇಶನಲ್ ಕೌನ್ಸಿಲರ್, ಅಂದರೆ ವೃತ್ತಿ ಸಲಹೆಗಾರರು, ನಿಮ್ಮ ಜೊತೆ ಕೂತು ಪ್ಲಾನ್ ತಯಾರಿಸುತ್ತಾರೆ. ಇದಕ್ಕೆ ಸಾಮಾನ್ಯವಾಗಿ 90 ದಿನ. ಆ ಪ್ಲಾನ್ ಒಪ್ಪಿಗೆಯಾದ ಮೇಲೆಯೇ ಆಯ್ಕೆಯ ಮಾತು. ಅಂದರೆ ಹೆಸರಿಗೆ 15 ದಿನವಾದರೂ ಯೋಚಿಸಲು ನಿಜವಾಗಿ ಮೂರು ತಿಂಗಳು ಇರುತ್ತದೆ. ಆ ಮೂರು ತಿಂಗಳನ್ನು ಬಳಸಿಕೊಂಡವರು ಜಾಣರು. ಪ್ಲಾನ್ ಮಾಡುವಾಗ ಸುಮ್ನೆ ತಲೆಯಾಡಿಸಿ, ಕೊನೆಗೆ ಇಷ್ಟವಿಲ್ಲದ ಕೋರ್ಸ್ ಸಿಕ್ಕಿತೆಂದು ಸಿಟ್ಟಿನಲ್ಲಿ ಆಪ್ಷನ್ 2ಕ್ಕೆ ಸಹಿ ಹಾಕುವುದು ಕೆಟ್ಟ ದಾರಿ.

ನಿಯಮ ಬದಲಾಗಿದ್ದು ಹೇಗೆ

ಚಿಕ್ಕದಾಗಿ ಹೇಳುತ್ತೇನೆ. ಈ ರಾಜ್ಯದ ಕಾರ್ಮಿಕ ಪರಿಹಾರ ಕಾನೂನು 1911ರದ್ದು. ಇಲ್ಲಿ ಖಾಸಗಿ ವಿಮಾ ಕಂಪನಿಗಳಿಗೆ ಜಾಗವಿಲ್ಲ. ಮಾಲೀಕರು ರಾಜ್ಯದ ನಿಧಿಗೆ ಹಣ ಕಟ್ಟಬೇಕು, ಇಲ್ಲವೇ ದೊಡ್ಡ ಕಂಪನಿಯಾದರೆ ಅನುಮತಿ ಪಡೆದು ತಾವೇ ಪರಿಹಾರ ಕೊಡಬೇಕು. ಕಾರ್ಮಿಕರ ಸಂಬಳದಿಂದಲೂ ಒಂದು ಪಾಲು ಈ ನಿಧಿಗೆ ಹೋಗುತ್ತದೆ. ಸಂಬಳದ ಚೀಟಿ ನೋಡಿ, ಸಾಮಾನ್ಯವಾಗಿ ಕಡಿತದ ಸಾಲಿನಲ್ಲಿ ಇರುತ್ತದೆ. ಹಾಗಾಗಿ ಇದು ಯಾರೋ ಕೊಡುವ ದಾನವಲ್ಲ.

2008ಕ್ಕೆ ಮುಂಚೆ ಮರುತರಬೇತಿಯ ಖರ್ಚಿಗೆ 52 ವಾರಕ್ಕೆ 4,000 ಡಾಲರ್ ಮಿತಿ ಇತ್ತು. ಅಷ್ಟರಲ್ಲಿ ಕಲಿಯಬಹುದಾದದ್ದು ಸ್ವಲ್ಪವೇ. 2008ರ ಜನವರಿ 1ರಿಂದ ಪ್ರಯೋಗವಾಗಿ ಹೊಸ ನಿಯಮ ಬಂತು. ತರಬೇತಿಯ ಖರ್ಚು 12,000 ಡಾಲರ್‌ವರೆಗೆ, ಅವಧಿ ಎರಡು ವರ್ಷದವರೆಗೆ ಹೋಯಿತು. ಕಮ್ಯುನಿಟಿ ಕಾಲೇಜುಗಳ ಫೀಸು ಏರಿದಂತೆ ಈ ಮೊತ್ತವನ್ನೂ ಪ್ರತಿ ವರ್ಷ ಹೊಂದಿಸುತ್ತಾರೆ, ಆದ್ದರಿಂದ ಈಗ 12,000ಕ್ಕಿಂತ ಜಾಸ್ತಿಯೇ ಇದೆ. ಆಪ್ಷನ್ 2 ಹುಟ್ಟಿದ್ದೂ ಆಗಲೇ. ಮೊದಲು ಅದು ಆರು ತಿಂಗಳ ಬದಲಿ ಸಂಬಳವಾಗಿತ್ತು.

2015ರಲ್ಲಿ ಶಾಸನಸಭೆ ಇದನ್ನು ಮತ್ತೆ ತಿದ್ದಿತು. ಆ ವರ್ಷದ ಜುಲೈ 31ರಿಂದ ಒಪ್ಪಿಗೆಯಾದ ಪ್ಲಾನ್‌ಗಳಿಗೆ ಆರು ತಿಂಗಳು ಒಂಬತ್ತಾಯಿತು. ಕೋರ್ಸ್ ಶುರುವಾದ ಮೇಲೂ ಆರಂಭದ ಕೆಲವು ವಾರ ಮನಸ್ಸು ಬದಲಾಯಿಸಲು ಅವಕಾಶ ಬಂತು. ಆಪ್ಷನ್ 2 ತೆಗೆದುಕೊಂಡವರು ತರಬೇತಿಯ ಹಣದ ಶೇ. 10ರವರೆಗೆ ವೃತ್ತಿ ಸಲಹೆಗೂ ಕೆಲಸ ಹುಡುಕಿಕೊಡುವ ಸೇವೆಗೂ ಬಳಸಬಹುದು ಎಂದಾಯಿತು. ಹಳೇ ಕಾಲದ ಗೆಳೆಯರು ಆರು ತಿಂಗಳು ಅಂದರೆ ಜಗಳಕ್ಕೆ ಹೋಗಬೇಡಿ, ಅವರ ಕಾಲಕ್ಕೆ ಅದು ನಿಜ.

ಹಣದ ಲೆಕ್ಕ

ಮೊದಲು ಬದಲಿ ಸಂಬಳ ಎಷ್ಟು ಎಂದು ನೋಡೋಣ. ಇದನ್ನು ಅಲ್ಲಿ ಟೈಮ್ ಲಾಸ್ ಅನ್ನುತ್ತಾರೆ. ಪೆಟ್ಟಾದಾಗ ಬರುತ್ತಿದ್ದ ಸಂಬಳದಲ್ಲಿ ಮದುವೆಯಾಗದವರಿಗೆ ಶೇ. 60, ಮದುವೆಯಾದವರಿಗೆ ಶೇ. 65. ಮಕ್ಕಳಿದ್ದರೆ ಒಬ್ಬೊಬ್ಬರಿಗೆ ಶೇ. 2 ಸೇರುತ್ತದೆ, ಐದು ಮಕ್ಕಳವರೆಗೆ. ಮೇಲೆ ಒಂದು ಗರಿಷ್ಠ ಮಿತಿಯೂ ಇದೆ. ಈ ಹಣಕ್ಕೆ ಆದಾಯ ತೆರಿಗೆ ಇಲ್ಲ.

ತಿಂಗಳಿಗೆ 4,000 ಡಾಲರ್ ದುಡಿಯುತ್ತಿದ್ದ, ಮದುವೆಯಾಗಿ ಎರಡು ಮಕ್ಕಳಿರುವ ಒಬ್ಬರನ್ನು ಊಹಿಸಿಕೊಳ್ಳಿ. ಅವರ ದರ ಶೇ. 69, ಅಂದರೆ ತಿಂಗಳಿಗೆ 2,760 ಡಾಲರ್. ಆಪ್ಷನ್ 2ರಲ್ಲಿ ಒಂಬತ್ತು ತಿಂಗಳಿಗೆ 24,840. ಆಪ್ಷನ್ 1ರಲ್ಲಿ ಪೂರ್ತಿ ಎರಡು ವರ್ಷದ ಕೋರ್ಸಾದರೆ 66,240. ಅಂತರ 41,400 ಡಾಲರ್.

ಇಷ್ಟು ನೋಡಿದರೆ ಆಪ್ಷನ್ 1 ಬಿಟ್ಟು ಬೇರೆ ಮಾತೇ ಇಲ್ಲ ಅನ್ನಿಸುತ್ತದೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಆಪ್ಷನ್ 1ರಲ್ಲಿ ಇರುವಾಗ ನೀವು ಓದುತ್ತಿರುತ್ತೀರಿ, ದುಡಿಯುತ್ತಿರುವುದಿಲ್ಲ. ಆಪ್ಷನ್ 2ರಲ್ಲಿ ನಾಳೆಯೇ ಕೆಲಸಕ್ಕೆ ಸೇರಿದರೂ ಆ ಒಂಬತ್ತು ತಿಂಗಳ ಹಣ ನಿಲ್ಲುವುದಿಲ್ಲ. ಅದೇ ವ್ಯಕ್ತಿಗೆ ತಿಂಗಳಿಗೆ 3,000 ಡಾಲರ್‌ನ ಹಗುರ ಕೆಲಸ ಸಿಕ್ಕಿತು ಅನ್ನಿ. ಎರಡು ವರ್ಷಕ್ಕೆ 72,000 ಸಂಬಳ, ಮೇಲೆ 24,840. ಈಗ ತಕ್ಕಡಿ ಇನ್ನೊಂದು ಕಡೆಗೆ ವಾಲಿತು, ಅಲ್ವಾ? ಕೈಯಲ್ಲಿ ಕೆಲಸ ಇದೆಯಾ ಇಲ್ಲವಾ ಅನ್ನುವುದೇ ಇಲ್ಲಿ ಎಲ್ಲವನ್ನೂ ತೀರ್ಮಾನಿಸುತ್ತದೆ. ಒಂಬತ್ತು ತಿಂಗಳು ಕೂತು ತಿಂದರೆ ಆಪ್ಷನ್ 2 ನಷ್ಟದ ಬಾಬತ್ತು.

ಜನ ಜಾಸ್ತಿ ಗಲಿಬಿಲಿಯಾಗುವುದು ತರಬೇತಿಯ ಹಣದ ವಿಷಯದಲ್ಲಿ. ಆಪ್ಷನ್ 2 ತಗೊಂಡರೆ ಓದಿನ ಹಣ ಹೋಯಿತು ಅಂದುಕೊಳ್ಳುತ್ತಾರೆ. ಇಲ್ಲ, ಅದು ಎರಡರಲ್ಲೂ ಇದೆ. ಆಪ್ಷನ್ 2ರವರಿಗೆ ಆ ಹಣ ಐದು ವರ್ಷ ಇಲಾಖೆಯ ಬಳಿಯೇ ಇರುತ್ತದೆ. ಇಲಾಖೆ ಒಪ್ಪಿದ ಶಾಲೆಗೆ, ಕೋರ್ಸಿಗೆ ಸೇರಿದಾಗ ಫೀಸು, ಪುಸ್ತಕ, ಸಾಮಗ್ರಿ, ಮಕ್ಕಳನ್ನು ನೋಡಿಕೊಳ್ಳುವ ಖರ್ಚು ಇಂಥವಕ್ಕೆ ಸಿಗುತ್ತದೆ. ಕೈಗೆ ನಗದಾಗಿ ಬರುವುದಿಲ್ಲ. ಅಂಗಡಿ ಹಾಕಲು ಬಂಡವಾಳವಾಗಿಯೂ ಆಗುವುದಿಲ್ಲ. ಐದು ವರ್ಷ ಕಳೆದರೆ ಅದು ಇಲ್ಲ. ಓದಲು ನಿಜಕ್ಕೂ ಮನಸ್ಸಿದ್ದು, ಆದರೆ ಕೌನ್ಸಿಲರ್ ಬರೆದ ಕೋರ್ಸ್ ಬೇಡ, ನನ್ನದೇ ಬೇರೆ ಯೋಚನೆ ಇದೆ ಅನ್ನುವವರಿಗೆ ಇದು ಒಳ್ಳೆಯ ಅನುಕೂಲ.

ಒಂಬತ್ತು ತಿಂಗಳ ಹಣವೂ ಒಂದೇ ಸಲಕ್ಕೆ ಬರುತ್ತದೆ ಅಂದುಕೊಳ್ಳಬೇಡಿ. ಎರಡು ವಾರಕ್ಕೊಮ್ಮೆ ಕಂತಾಗಿ ಬರುತ್ತದೆ, ಬಡ್ಡಿ ಇಲ್ಲ. ಒಟ್ಟಿಗೆ ಬೇಕೆಂದರೆ ಅರ್ಜಿ ಹಾಕಬಹುದು, ಕೊಡುವುದು ಬಿಡುವುದು ಇಲಾಖೆಗೆ ಬಿಟ್ಟದ್ದು.

ಲೆಕ್ಕಕ್ಕೆ ಕೂರುವ ಮುಂಚೆ ಒಂದು ಕೆಲಸ ಮಾಡಿ. ಇಲಾಖೆ ನಿಮ್ಮ ಸಂಬಳವನ್ನು ಎಷ್ಟೆಂದು ಹಿಡಿದಿದೆ ಎಂದು ಆದೇಶದಲ್ಲಿ ನೋಡಿ. ಎರಡನೇ ಕೆಲಸದ ಸಂಬಳ ಸೇರಿದೆಯಾ? ಮಾಲೀಕರು ಕಟ್ಟುತ್ತಿದ್ದ ಆರೋಗ್ಯ ವಿಮೆ ಪೆಟ್ಟಾದ ಮೇಲೆ ನಿಂತಿದ್ದರೆ ಅದರ ಮೌಲ್ಯವೂ ಸಂಬಳಕ್ಕೆ ಸೇರಬೇಕು. ಈ ಮಾತು 2001ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್‌ನಲ್ಲೇ ಇತ್ಯರ್ಥವಾಗಿದೆ. ಬುಡದ ಅಂಕಿ ತಪ್ಪಿದರೆ ಒಂಬತ್ತು ತಿಂಗಳೂ ತಪ್ಪು, ಇಪ್ಪತ್ನಾಲ್ಕು ತಿಂಗಳೂ ತಪ್ಪು. ಆದೇಶಕ್ಕೆ ಆಕ್ಷೇಪ ಹಾಕಲು 60 ದಿನ ಇರುತ್ತದೆ.

ಆಪ್ಷನ್ 1ರ ಒಳಗೆ ಏನಿದೆ

ಇದು ಪುಕ್ಕಟೆ ಕಾಲೇಜಲ್ಲ. ಸೇರುವಾಗಲೇ ಒಂದು ಹೊಣೆಗಾರಿಕೆಯ ಒಪ್ಪಂದಕ್ಕೆ ಸಹಿ ಹಾಕುತ್ತೀರಿ. ತರಗತಿಗೆ ಹೋಗಬೇಕು, ಪಾಸಾಗುತ್ತಾ ಹೋಗಬೇಕು, ಕೌನ್ಸಿಲರ್‌ಗೆ ವರದಿ ಕೊಡಬೇಕು. ಸಕಾರಣ ಇಲ್ಲದೆ ತಪ್ಪಿಸಿದರೆ ಬರುವ ಹಣವನ್ನು ನಿಲ್ಲಿಸಬಹುದು. ಇಪ್ಪತ್ತು ವರ್ಷ ಪುಸ್ತಕ ಮುಟ್ಟದವರಿಗೆ ಇದು ಕಷ್ಟ. ಅದರ ಮೇಲೆ ನೋವು ಬೇರೆ. ಬೆನ್ನು ನೋವಿರುವವರು ಮೂರು ಗಂಟೆ ಒಂದೇ ಕುರ್ಚಿಯಲ್ಲಿ ಕೂರಲು ಆಗುತ್ತದಾ ಎಂದು ಪ್ಲಾನ್ ಮಾಡುವಾಗಲೇ ಡಾಕ್ಟರ್ ಹತ್ತಿರ ಬರೆಸಿಕೊಳ್ಳಬೇಕು. ಕೈಮೀರಿದ ಕಾರಣಕ್ಕೆ ಓದು ನಿಂತರೆ, ಉದಾಹರಣೆಗೆ ಶಾಲೆಯೇ ಮುಚ್ಚಿದರೆ, ಪ್ಲಾನನ್ನು ಮತ್ತೆ ಶುರು ಮಾಡಲು ಅವಕಾಶವಿದೆ.

ಕೋರ್ಸನ್ನು ನೀವೊಬ್ಬರೇ ಆರಿಸುವುದಿಲ್ಲ. ನಿಮ್ಮ ಇಷ್ಟಕ್ಕೂ ಬೆಲೆ ಇದೆ, ಆದರೆ ಪ್ಲಾನಿನ ಗುರಿ ನಿಮ್ಮನ್ನು ಕೆಲಸಕ್ಕೆ ಅರ್ಹರನ್ನಾಗಿ ಮಾಡುವುದು, ಕನಸಿನ ಉದ್ಯೋಗ ಕೊಡಿಸುವುದಲ್ಲ. ಇನ್ನೂ ಗಟ್ಟಿಯಾಗಿ ಹೇಳಬೇಕಾದ ಮಾತು ಒಂದಿದೆ. ಕೋರ್ಸ್ ಮುಗಿದ ಮೇಲೆ ಕೆಲಸ ಸಿಗಲಿ ಬಿಡಲಿ, ಟೈಮ್ ಲಾಸ್ ನಿಲ್ಲುತ್ತದೆ. ಅರ್ಹರಾದಿರಿ, ಅಲ್ಲಿಗೆ ಇಲಾಖೆಯ ಲೆಕ್ಕ ಮುಗಿಯಿತು. ಹಾಗಾಗಿ ಪ್ಲಾನ್ ಮಾಡುವಾಗ ಕೌನ್ಸಿಲರ್‌ಗೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಕೋರ್ಸ್ ಮಾಡಿದವರನ್ನು ನಮ್ಮ ಸುತ್ತಮುತ್ತ ಯಾರು ಕೆಲಸಕ್ಕೆ ತಗೊಳ್ಳುತ್ತಾರೆ, ಎಷ್ಟು ಕೊಡುತ್ತಾರೆ? ನೀವೇ ಎರಡು ಮೂರು ಕಡೆ ಫೋನ್ ಮಾಡಿ ವಿಚಾರಿಸಿದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಇದ್ದರೂ ಆಪ್ಷನ್ 1ರ ಒಂದು ಗುಣಕ್ಕೆ ಎದುರಿಲ್ಲ. ಕ್ಲೇಮ್ ತೆರೆದೇ ಇರುತ್ತದೆ. ಓದುವಾಗ ಪೆಟ್ಟು ಉಲ್ಬಣಿಸಿದರೆ ಕಡತ ಎದುರಿಗಿದೆ, ಕೇಳಲು ಜಾಗ ಇದೆ.

ಆಪ್ಷನ್ 2ರಲ್ಲಿ ಮುಚ್ಚುವ ಬಾಗಿಲುಗಳು

ಆಪ್ಷನ್ 2 ಆರಿಸಿದ್ದನ್ನು ಇಲಾಖೆ ಆದೇಶದಿಂದ ಖಚಿತಪಡಿಸುತ್ತದೆ. ಆ ದಿನವೇ ಟೈಮ್ ಲಾಸ್ ಕೊನೆ. ಮುಂದೆ ಕ್ಲೇಮ್ ಮುಚ್ಚುತ್ತಾರೆ. ಕ್ಲೇಮ್ ಮುಚ್ಚಿದ ಮೇಲೆ ಆ ಪೆಟ್ಟಿನ ಚಿಕಿತ್ಸೆಯ ಬಿಲ್ಲು ನಿಮ್ಮದು. ಇನ್ನೂ ಫಿಸಿಯೋಥೆರಪಿ ನಡೆಯುತ್ತಿದೆ, ಒಂದು ಆಪರೇಷನ್ ಬಾಕಿ ಇರಬಹುದು ಎಂದು ಡಾಕ್ಟರ್ ಹೇಳುತ್ತಿದ್ದರೆ, ಹಣ ನೋಡಿ ಸಹಿ ಹಾಕಬೇಡಿ. ಶಾಶ್ವತ ಊನಕ್ಕೆ ಸಿಗುವ ಒಂದು ಸಲದ ಪರಿಹಾರ ಬೇರೆ ಲೆಕ್ಕ, ಆಪ್ಷನ್ 2 ತಗೊಂಡರೆ ಅದು ಹೋಗುವುದಿಲ್ಲ.

ಹೋಗುವುದು ಪಿಂಚಣಿಯ ದಾರಿ. ಇನ್ನು ಯಾವ ಕೆಲಸವನ್ನೂ ಮಾಡಲು ಆಗದವರಿಗೆ ಈ ರಾಜ್ಯದಲ್ಲಿ ಜೀವನಪೂರ್ತಿ ಪಿಂಚಣಿ ಇದೆ. ಆಪ್ಷನ್ 2 ತಗೊಂಡವರಿಗೆ ಮುಂದೆ ಟೈಮ್ ಲಾಸೂ ಇಲ್ಲ, ಈ ಪಿಂಚಣಿಯೂ ಇಲ್ಲ. ಪೆಟ್ಟು ಹದಗೆಟ್ಟಿತು, ಕ್ಲೇಮ್ ಮುಚ್ಚುವುದು ಸರಿಯಲ್ಲ ಎಂದು ತೋರಿಸಿದರೆ ಮಾತ್ರ ದಾರಿ ತೆರೆಯುತ್ತದೆ. ಆಗ ಆಪ್ಷನ್ 2 ರದ್ದಾಗುತ್ತದೆ, ಮತ್ತು ಕೊಟ್ಟ ಹಣವನ್ನು ಹೆಚ್ಚುವರಿ ಪಾವತಿ ಎಂದು ನಿಮ್ಮ ಲೆಕ್ಕಕ್ಕೆ ಬರೆಯುತ್ತಾರೆ. ಆ ಹೊತ್ತಿಗೆ ಹಣ ಖರ್ಚಾಗಿರುತ್ತದೆ, ಸಾಲ ಮಾತ್ರ ಉಳಿದಿರುತ್ತದೆ. ವಯಸ್ಸು ಐವತ್ತು ದಾಟಿ, ಪೆಟ್ಟು ಗಂಭೀರವಾಗಿದ್ದು, ಶಾಲೆ ಓದೂ ಕಡಿಮೆ ಇದ್ದವರು ಈ ಸಾಲನ್ನು ಇನ್ನೊಮ್ಮೆ ಓದಬೇಕು.

ಮುಚ್ಚಿದ ಕ್ಲೇಮನ್ನು ಮತ್ತೆ ತೆರೆಯುವ ನಿಯಮ ಎಲ್ಲರಿಗೂ ಇದೆ. ಮೊದಲ ಮುಚ್ಚುವಿಕೆ ಅಂತಿಮವಾದ ಏಳು ವರ್ಷದೊಳಗೆ ಪೆಟ್ಟು ಹದಗೆಟ್ಟಿದೆ ಎಂದು ಡಾಕ್ಟರ್ ದಾಖಲೆಯಿಂದ ತೋರಿಸಬೇಕು. ನೋವು ಜಾಸ್ತಿಯಾಗಿದೆ ಅಂದರೆ ಸಾಲದು, ಪರೀಕ್ಷೆಯಲ್ಲಿ ಕಾಣಬೇಕು.

ಓದಿ ನೋಡಿ ಬಿಡುವ ಅವಕಾಶ

2015ರ ತಿದ್ದುಪಡಿಯಲ್ಲಿ ನನಗೆ ಅತಿ ಉಪಯೋಗ ಅನ್ನಿಸಿದ್ದು ಇದು. ಆಪ್ಷನ್ 1 ಆರಿಸಿ ಕೋರ್ಸಿಗೆ ಹೋಗಿ ನೋಡಬಹುದು. ಕಾಲೇಜಾದರೆ ಮೊದಲ ಕ್ವಾರ್ಟರ್ (ಕಾಲೇಜು ವರ್ಷದ ಒಂದು ಅವಧಿ) ಮುಗಿಯುವುದರೊಳಗೆ, ಬೇರೆ ತರಬೇತಿಯಾದರೆ ಮೊದಲ ಮೂರು ತಿಂಗಳೊಳಗೆ, ಇದು ನನ್ನಿಂದ ಆಗದು ಅನ್ನಿಸಿದರೆ ಆಪ್ಷನ್ 2ಕ್ಕೆ ಬರಬಹುದು. ಅಷ್ಟರಲ್ಲಿ ಪಡೆದ ಟೈಮ್ ಲಾಸನ್ನು ಒಂಬತ್ತು ತಿಂಗಳ ಹಣದಲ್ಲಿ ಕಳೆಯುತ್ತಾರೆ. ಎರಡು ತಿಂಗಳು ಪಡೆದಿದ್ದರೆ ಉಳಿದ ಏಳು ತಿಂಗಳದ್ದು ಸಿಗುತ್ತದೆ. ಅಂದರೆ ಬದಲಿ ಸಂಬಳದ ಲೆಕ್ಕದಲ್ಲಿ ನಷ್ಟ ಏನೂ ಇಲ್ಲ.

ಹಾಗಾಗಿ 15 ದಿನ ಮುಗಿಯುತ್ತಾ ಬಂದು, ಮನಸ್ಸು ಇನ್ನೂ ಅತ್ತಿತ್ತ ಆಗುತ್ತಿದ್ದರೆ ನನ್ನ ಸಲಹೆ ಆಪ್ಷನ್ 1. ಅಲ್ಲಿಂದ ಇಲ್ಲಿಗೆ ಬರಬಹುದು. ಆಪ್ಷನ್ 2ರಿಂದ ಆಪ್ಷನ್ 1ಕ್ಕೆ ಹೋಗಲು ಇಂಥ ಸರಾಗ ದಾರಿ ಇಲ್ಲ.

ಹಾಗಾದರೆ ಯಾರಿಗೆ ಯಾವುದು

ಕೆಲಸ ಗೊತ್ತಾಗಿದೆ, ಡಾಕ್ಟರ್ ಅದಕ್ಕೆ ಒಪ್ಪಿದ್ದಾರೆ, ಚಿಕಿತ್ಸೆ ಮುಗಿದಿದೆ. ಇಂಥವರು ಆಪ್ಷನ್ 2 ತಗೊಳ್ಳಲಿ. ತಮ್ಮ ತನ್ನ ಅಂಗಡಿಯ ಲೆಕ್ಕ ನೋಡಲು ಕರೆಯುತ್ತಿದ್ದಾನೆ, ಅಥವಾ ಹಳೇ ಮ್ಯಾನೇಜರ್ ಬೇರೆ ಕಡೆ ಸೇರಿ ಕೂತು ಮಾಡುವ ಕೆಲಸ ಕೊಡುತ್ತೇನೆ ಅಂದಿದ್ದಾರೆ ಅನ್ನಿ. ಅಂಥ ಕಡೆ ಎರಡು ವರ್ಷ ಕಾಲೇಜಿಗೆ ಹೋಗಿ ಕೂರುವುದರಲ್ಲಿ ಅರ್ಥವಿಲ್ಲ. ಬೇರೆ ರಾಜ್ಯಕ್ಕೋ ಊರಿಗೋ ಮರಳುವುದು ನಿಶ್ಚಯವಾಗಿದ್ದರೂ ಅಷ್ಟೇ.

ಚಿಕಿತ್ಸೆ ನಡೆಯುತ್ತಿರುವವರು, ಕೈಯಲ್ಲಿ ಕೆಲಸ ಇಲ್ಲದವರು, ಇಲ್ಲಿನ ಸರ್ಟಿಫಿಕೇಟ್ ಯಾವುದೂ ಇಲ್ಲದವರು ಆಪ್ಷನ್ 1ನ್ನೇ ಹಿಡಿಯಲಿ. ಸಾಲ ತೀರಿಸಬೇಕು ಎಂಬ ಒಂದೇ ಕಾರಣಕ್ಕೆ ಆಪ್ಷನ್ 2ಕ್ಕೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಹಣ ಕಂತಿನಲ್ಲಿ ಬರುವುದರಿಂದ ಸಾಲ ಒಟ್ಟಿಗೆ ತೀರುವುದೂ ಇಲ್ಲ.

ವೀಸಾದವರದ್ದು ಬೇರೆ ತಾಪತ್ರಯ. ಪೆಟ್ಟಾದರೆ ಪರಿಹಾರ ಸಿಗುವುದಕ್ಕೆ ಪೌರತ್ವ ಬೇಕಿಲ್ಲ. ಆದರೆ ಎಚ್-1ಬಿ ಮೇಲೆ ಇರುವವರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕಿದ ಕಂಪನಿಗೆ ಮಾತ್ರ ದುಡಿಯಬಹುದು. ಹೊಸ ಕಸುಬು ಕಲಿತರೂ ಆ ಕಸುಬಿನಲ್ಲಿ ದುಡಿಯಲು ವೀಸಾ ಒಪ್ಪಬೇಕಲ್ಲ. ಕೆಲಸದ ಪರವಾನಗಿ ಇರುವ ಎಚ್-4 ಸಂಗಾತಿಗೆ ಈ ಕಟ್ಟು ಇಲ್ಲ, ಪರವಾನಗಿ ಎಲ್ಲಿಯವರೆಗೆ ಇದೆ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಆಯ್ಕೆಗೆ ಮುಂಚೆ ವಲಸೆ ವಕೀಲರ ಬಳಿ ಅರ್ಧ ಗಂಟೆ ಮಾತಾಡಿದರೆ ಹಣ ದಂಡವಲ್ಲ.

ಈ ಎರಡೂ ಅಲ್ಲದ ದಾರಿಗಳು

ಹಳೇ ಮಾಲೀಕರು ಹಗುರ ಕೆಲಸ ಕೊಟ್ಟರೆ ಅವರಿಗೂ ಲಾಭವಿದೆ. ಸ್ಟೇ ಅಟ್ ವರ್ಕ್ ಎಂಬ ಯೋಜನೆಯಲ್ಲಿ ರಾಜ್ಯ ನಿಧಿ ಆ ಸಂಬಳದ ಅರ್ಧವನ್ನು ಒಂದು ಮಿತಿಯವರೆಗೆ ಮಾಲೀಕರಿಗೆ ಮರಳಿ ಕೊಡುತ್ತದೆ. ಚಿಕ್ಕ ಅಂಗಡಿ, ಹೋಟೆಲ್ ನಡೆಸುವ ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ. ನೀವೇ ಹೇಳಿ ನೋಡಿ. ಪ್ರಿಫರ್ಡ್ ವರ್ಕರ್ ಎಂಬ ಇನ್ನೊಂದು ಯೋಜನೆ ಹೊಸ ಮಾಲೀಕರಿಗೂ ಇಂಥದೇ ನೆರವು ಕೊಡುತ್ತದೆ. ಕೆಲಸ ಹುಡುಕುವಾಗ ಈ ಯೋಜನೆಯ ಪ್ರಮಾಣಪತ್ರ ಕೈಯಲ್ಲಿದ್ದರೆ ಒಂದು ಬಲ.

50 ವರ್ಷ ಆದವರಿಗೆ ಮತ್ತೊಂದು ದಾರಿಯಿದೆ. ಕ್ಲೇಮ್ ಸಲ್ಲಿಸಿ 180 ದಿನ ಕಳೆದಿದ್ದರೆ ಇಲಾಖೆಯ ಜೊತೆ ಮಾತುಕತೆ ಮಾಡಿ, ಕಂತಿನ ಹಣಕ್ಕೆ ರಾಜಿಯಾಗಬಹುದು. ಇದು 2012ರಿಂದ ಇದೆ. ಆಗ 55 ವರ್ಷ ಬೇಕಿತ್ತು, ಆಮೇಲೆ ಇಳಿಸಿದರು. ಇದರ ಒಳ್ಳೆಯ ಅಂಶ ಚಿಕಿತ್ಸೆಯ ಹಕ್ಕು ರಾಜಿಯಲ್ಲಿ ಹೋಗುವುದಿಲ್ಲ ಎಂಬುದು. ಆಪ್ಷನ್ 2 ಯೋಚಿಸುವ ಐವತ್ತು ದಾಟಿದವರು ಮೊದಲು ಇದನ್ನು ವಕೀಲರ ಹತ್ತಿರ ಕೇಳಬೇಕು.

ಕೇಳಲು ಯಾರೂ ಇಲ್ಲ ಅನ್ನಬೇಡಿ. ಪ್ರಾಜೆಕ್ಟ್ ಹೆಲ್ಪ್ ಎಂಬ ಸೇವೆ ಈ ರಾಜ್ಯದ ಕಾರ್ಮಿಕರಿಗೆ ಹಣ ತೆಗೆದುಕೊಳ್ಳದೆ ಕ್ಲೇಮಿನ ದಾರಿ ತಿಳಿಸಿಕೊಡುತ್ತದೆ. ತಾವೇ ಪರಿಹಾರ ಕೊಡುವ ದೊಡ್ಡ ಕಂಪನಿಯವರ ನೌಕರರಾದರೆ ಅವರಿಗಾಗಿಯೇ ಒಬ್ಬ ಓಂಬುಡ್ಸ್, ಅಂದರೆ ದೂರು ಕೇಳುವ ಅಧಿಕಾರಿ, ಇದ್ದಾರೆ. ಇಂಗ್ಲಿಷ್ ಕಷ್ಟವಾದರೆ ಡಾಕ್ಟರ್ ಮತ್ತು ಕೌನ್ಸಿಲರ್ ಭೇಟಿಗೆ ದುಭಾಷಿ ಬೇಕೆಂದು ಕೇಳಿ. ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಕಾನೂನಿನ ಮಾತಾಡಿಸುವುದು ಬೇಡ.

ಕ್ಯಾಲಿಫೋರ್ನಿಯಾದ ಗೆಳೆಯರ ಮಾತು ಇಲ್ಲಿಗೆ ಆಗದು

ಬೇ ಏರಿಯಾದಲ್ಲಿರುವ ನೆಂಟರು, ವೋಚರ್ ಕೊಡ್ತಾರೆ ತಗೋ ಎನ್ನಬಹುದು. ವೋಚರ್ ಅಂದರೆ ಮರುತರಬೇತಿಯ ಖರ್ಚಿಗೆ ಬಳಸುವ ಚೀಟಿ. ಅದು ಅವರ ರಾಜ್ಯದ ನಿಯಮ. ಕ್ಯಾಲಿಫೋರ್ನಿಯಾದಲ್ಲೂ ಒಂದು ಕಾಲಕ್ಕೆ ಕೌನ್ಸಿಲರ್ ಇದ್ದ, 16,000 ಡಾಲರ್‌ವರೆಗಿನ ಮರುತರಬೇತಿ ಇತ್ತು, ಓದುವಾಗ ವಾರಕ್ಕೆ 246 ಡಾಲರ್‌ವರೆಗೆ ಭತ್ಯೆ ಇತ್ತು. 2004ರ ಜನವರಿ 1ರಿಂದ ಆದ ಪೆಟ್ಟುಗಳಿಗೆ ಅದನ್ನು ತೆಗೆದು ವೋಚರ್ ತಂದರು. 2013ರಿಂದ ಆದ ಪೆಟ್ಟುಗಳಿಗೆ ಎಲ್ಲರಿಗೂ ಒಂದೇ 6,000 ಡಾಲರ್ ವೋಚರ್. ಡಾಕ್ಟರ್ ವರದಿ ಬಂದ 60 ದಿನದಲ್ಲಿ, ಹಳೇ ಸಂಬಳದ ಶೇ. 85 ಸಿಗುವ, ವರ್ಷವಾದರೂ ನಡೆಯುವ ಕೆಲಸವನ್ನು ಮಾಲೀಕರು ಕೊಡದಿದ್ದರೆ ಅದು ಸಿಗುತ್ತದೆ. ಜೊತೆಗೆ ವೋಚರ್ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಇನ್ನೊಂದು 5,000 ಡಾಲರ್ ಇದೆ. ಇದನ್ನು ಮರೆತು ಬಿಡುವವರೇ ಜಾಸ್ತಿ. ಆದರೆ ಓದುವ ಕಾಲಕ್ಕೆ ಬದಲಿ ಸಂಬಳ ಅಲ್ಲಿಲ್ಲ. ವಾಷಿಂಗ್ಟನ್‌ನ ಆಪ್ಷನ್ 1 ಎಷ್ಟು ದೊಡ್ಡದು ಎಂದು ಗೊತ್ತಾಗುವುದು ಹೀಗೆ ಪಕ್ಕದಲ್ಲಿಟ್ಟಾಗಲೇ. ನನ್ನ ಮಟ್ಟಿಗೆ ಕ್ಯಾಲಿಫೋರ್ನಿಯಾ ಮಾಡಿದ್ದು ಕಡಿತ, ಸುಧಾರಣೆ ಅಲ್ಲ.

ಊರಿನ ಲೆಕ್ಕ ಇನ್ನೂ ಬೇರೆ. ಪೀಣ್ಯದ ಫ್ಯಾಕ್ಟರಿಯಲ್ಲಿ ಇಎಸ್‌ಐ ಇರುವ ಅಣ್ಣನ ಕೈ ಮೆಷಿನ್‌ಗೆ ಸಿಕ್ಕಿದರೆ, ದುಡಿಯುವ ಶಕ್ತಿ ಎಷ್ಟು ಹೋಯಿತು ಎಂದು ವೈದ್ಯಕೀಯ ಮಂಡಳಿ ಹೇಳುತ್ತದೆ. ಅದಕ್ಕೆ ತಕ್ಕ ಮಾಸಿಕ ಹಣ ಜೀವನಪೂರ್ತಿ ಬರುತ್ತದೆ. ಮತ್ತೆ ಕೆಲಸಕ್ಕೆ ಹೋದರೂ ನಿಲ್ಲುವುದಿಲ್ಲ. ಶೇ. 40 ಅಥವಾ ಅದಕ್ಕೂ ಜಾಸ್ತಿ ಊನವಾಗಿ, ವಯಸ್ಸು 45 ದಾಟದವರಿಗೆ ವೃತ್ತಿ ತರಬೇತಿಯೂ ಇದೆ, ತರಬೇತಿ ನಡೆಯುವಷ್ಟು ದಿನ ದಿನಕ್ಕೆ 123 ರೂಪಾಯಿ ಅಥವಾ ನಿಜವಾದ ಫೀಸು, ಯಾವುದು ಜಾಸ್ತಿಯೋ ಅದು. ಇಎಸ್‌ಐನಲ್ಲಿ ಓದೋ ಹಣವೋ ಎಂದು ಆರಿಸುವ ಪ್ರಶ್ನೆ ಇಲ್ಲ, ಎರಡೂ ಒಟ್ಟಿಗೆ ಕೇಳಬಹುದು. ಮಾಸಿಕ ಹಣ ಶುರುವಾದ ಮೇಲೆ ತರಬೇತಿಗೆ ಬೇರೆ ಅರ್ಜಿ ಹಾಕಬೇಕು ಎಂದು ಅಣ್ಣನಿಗೆ ಒಂದು ಫೋನ್ ಮಾಡಿ ಹೇಳಿ. ಬ್ರಾಂಚ್ ಆಫೀಸಿನವರು ತಾವಾಗಿ ನೆನಪಿಸುತ್ತಾರೆ ಎಂದು ಕಾಯುವುದು ಬೇಡ.